ಮೂರನೇ ಕುಲುಮೆಯವನ ಮಗಳು

ಫೆಬ್ರವರಿ 4, ಮಂಗಳವಾರ

ಪಾಸ್‌ಪೋರ್ಟಿನ ಅರ್ಜಿ ವಾಪಸ್ಸು ಬಂತು. ಕಚೇರಿಗೆ ಹೋದ ದಿನ, ಅಲ್ಲಿ ಯಾರು ಏನೆಂದರು ಎಲ್ಲವನ್ನೂ ಬರೆದಿಟ್ಟುಕೊಳ್ಳಿ, ನಾಳೆ ಯಾರಾದರೂ ಕೇಳಿದರೆ ತಡವರಿಸುವ ಹಾಗಾಗಬಾರದು ಎಂದು ನಮ್ಮ ಕ್ಲಿನಿಕ್ಕಿನ ಡಾಕ್ಟರು ಹೇಳಿದರು. ಅದಕ್ಕೇ ಈ ಪುಸ್ತಕ.

ವಿಷಯ ಇಷ್ಟು. ನಾನು ಹುಟ್ಟಿದ್ದು ಗಡಿಯ ಆಚೆ. ಅಪ್ಪ ಆ ಕಡೆಯವನು. ನನಗೆ ನಾಲ್ಕು ವರ್ಷವಾದಾಗ ಅಮ್ಮ ಅಪ್ಪನನ್ನೂ ನನ್ನನ್ನೂ ಕಟ್ಟಿಕೊಂಡು ತನ್ನ ದೇಶಕ್ಕೆ ಬಂದಳು. ಅಲ್ಲಿಂದ ನಲವತ್ತೆರಡು ವರ್ಷ. ಓದಿದ್ದು ಇಲ್ಲಿ, ಮತ ಹಾಕಿದ್ದು ಇಲ್ಲಿ, ಮದುವೆಯಾಗಿದ್ದೂ ಅದನ್ನು ಬಿಟ್ಟುಬಂದದ್ದೂ ಇಲ್ಲಿ. ಪಾಸ್‌ಪೋರ್ಟ್ ಕಚೇರಿಯ ಕಿಟಕಿಯ ಹಿಂದೆ ಕೂತವರಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ತಾಯಿ ಈ ನೆಲದಲ್ಲಿ ಹುಟ್ಟಿದವಳಾದರೆ ಮಗಳೂ ಇಲ್ಲಿಯವಳು, ತಾಯಿಯ ಜನನ ಪತ್ರ ತನ್ನಿ, ಅಷ್ಟೇ ಸಾಕು ಎಂದರು.

ಸುಲಭದ ಕೆಲಸ. ಜೂನ್ ಒಂದಕ್ಕೆ ತರಬೇತಿ ಶುರು. ಇಪ್ಪತ್ತೊಂದು ವರ್ಷ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿದ್ದೇನೆ. ಈಗ ಕಾಯಿಲೆಯಲ್ಲೋ ಬೆಂಕಿಯಲ್ಲೋ ಕಿವಿ, ಮೂಗು ಕಳೆದುಕೊಂಡವರಿಗೆ ಸಿಲಿಕೋನಿನಲ್ಲಿ ಅದನ್ನು ಮಾಡಿಕೊಡುವುದನ್ನು ಕಲಿಯಲು ಡಾಕ್ಟರು ಹೊರದೇಶಕ್ಕೆ ಕಳಿಸುತ್ತಿದ್ದಾರೆ. ಮೂರು ತಿಂಗಳು. ಒಂದು ಕಿವಿಯಿಲ್ಲದ ಬಸ್ ಡ್ರೈವರೊಬ್ಬರು ಕನ್ನಡಕವನ್ನು ದಾರದಲ್ಲಿ ತಲೆಗೆ ಕಟ್ಟಿಕೊಂಡು ಬಂದು, ನೀವು ಯಾವಾಗ ಹೋಗಿ ಯಾವಾಗ ಬರುತ್ತೀರಿ ಎಂದು ವಾರಕ್ಕೊಮ್ಮೆ ಕೇಳುತ್ತಾರೆ.

ಮೂರು ತಿಂಗಳು ಎಂದಾಗ ನನಗೆ ಮೊದಲು ನೆನಪಾದದ್ದು ಕಿವಿಯೂ ಅಲ್ಲ, ಮೂಗೂ ಅಲ್ಲ. ಚಪ್ಪಲಿ ಹಾಕಿದ ಕೂಡಲೇ "ಎಲ್ಲಿಗೆ?" ಎನ್ನುವ ಅಮ್ಮನ ದನಿ ಇಲ್ಲದ ಮೂರು ತಿಂಗಳು.

ಫೆಬ್ರವರಿ 5

ಅಮ್ಮನ ಜನನ ಪತ್ರ ಸಿಕ್ಕಿತು. ಹೊಲಿಗೆ ಯಂತ್ರದ ಖಾನೆಯಲ್ಲಿ, ಬಾಬಿನ್ನುಗಳ ಕೆಳಗೆ ನಾಲ್ಕಾಗಿ ಮಡಿಸಿ ಇಟ್ಟಿದ್ದಳು. ಕೊಡುವಾಗ, ಶಾಲೆಯದ್ದು ಕೊಟ್ಟರೆ ಆಗಲ್ವಾ ಎಂದು ಎರಡು ಸಲ ಕೇಳಿದಳು. ಆಗುವುದಿಲ್ಲ ಎಂದೆ. ಏನು ಕೊಟ್ಟರೂ ಹಿಂದೆ ಒಂದು ಮಾತು ಸೇರಿಸದೆ ಕೊಡುವ ಅಭ್ಯಾಸ ಅವಳಿಗಿಲ್ಲ.

ಫೆಬ್ರವರಿ 27

ಪತ್ರ ಹಳೆಯದು, ಮೊಹರು ಓದಲಾಗುವುದಿಲ್ಲ, ಮೂಲ ನೋಂದಣಿ ಕಚೇರಿಯಿಂದಲೇ ದೃಢೀಕರಿಸಿ ತರಬೇಕಂತೆ. ಅಂದರೆ ಅಮ್ಮನ ಊರಿಗೆ ಹೋಗಬೇಕು. ಬಸ್ಸಿನಲ್ಲಿ ನಾಲ್ಕು ಗಂಟೆ. ಡಾಕ್ಟರ ಹತ್ತಿರ ಒಂದು ದಿನದ ರಜೆ ಕೇಳಿದೆ. ಮೇ ಹತ್ತರೊಳಗೆ ಪಾಸ್‌ಪೋರ್ಟಿನ ಪ್ರತಿ ಕಳಿಸದಿದ್ದರೆ ತರಬೇತಿಯವರು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದು ಅವರು ನೆನಪಿಸಿದರು.

ಮಾರ್ಚ್ 3, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನೋಂದಣಿ ಕಚೇರಿ ನೆಲಮಾಳಿಗೆಯಲ್ಲಿದೆ. ದಾಖಲೆ ನೋಡಿಕೊಳ್ಳುವ ಗುಮಾಸ್ತೆ ಐವತ್ತರ ಹೆಂಗಸು, ಧೂಳಿಗೆಂದು ಬಲಗೈಗೆ ಮಾತ್ರ ಹತ್ತಿಯ ಗ್ಲೌಸ್. ಅಮ್ಮನ ಪತ್ರದ ಸಂಖ್ಯೆ ನೋಡಿ, ಎರಡು ಕೈಯಲ್ಲೂ ಹಿಡಿಯಬೇಕಾದಂಥ ರಿಜಿಸ್ಟರು ತಂದು, ಪುಟ ತೆರೆದಳು. ಬೆರಳು ಸಾಲಿನುದ್ದಕ್ಕೂ ಹೋಗಿ ಅಂಚಿನಲ್ಲಿ ನಿಂತಿತು.

"ಇವರು ತೀರಿಹೋಗಿದ್ದಾರಲ್ಲ," ಎಂದಳು.

ಬೆಳಿಗ್ಗೆ ನನಗೆ ಟೀ ಮಾಡಿಕೊಟ್ಟರು, ನೀವು ಬೇರೆ ಯಾರದ್ದೋ ನೋಡುತ್ತಿದ್ದೀರಿ ಎಂದೆ. ಅವಳು ರಿಜಿಸ್ಟರನ್ನೇ ನನ್ನ ಕಡೆ ತಿರುಗಿಸಿದಳು. ಅಜ್ಜನ ಹೆಸರು, ಅಜ್ಜಿಯ ಹೆಸರು, ಗಾಜಿನ ಕಾರ್ಖಾನೆಯ ಕೂಲಿಮನೆ ಸಾಲು, ಅಮ್ಮನ ಹೆಸರು, ಹುಟ್ಟಿದ ತಾರೀಖು ಎಲ್ಲ ಸರಿ ಇತ್ತು. ಅಂಚಿನಲ್ಲಿ ಕೆಂಪು ಶಾಯಿ: ಮೃತ, ವಯಸ್ಸು ಒಂದು ವರ್ಷ ಎರಡು ತಿಂಗಳು.

ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಗುಮಾಸ್ತೆ ನೀರು ತಂದುಕೊಟ್ಟಳು. ನಾನು ಇದನ್ನು ದೃಢೀಕರಿಸಿದರೆ ಸಾವನ್ನೂ ದೃಢೀಕರಿಸಬೇಕಾಗುತ್ತದೆ, ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದಳು. ಒಳ್ಳೆಯವಳು.

ಸೋದರಮಾವನ ಮನೆ ಅಲ್ಲಿಂದ ಎರಡೇ ಬೀದಿ. ಹೋಗಲಿಲ್ಲ. ಅಮ್ಮನಿಗೂ ಅವಳ ಅಣ್ಣನಿಗೂ ಮಾತು ನಿಂತು ಹನ್ನೊಂದು ವರ್ಷವಾಯಿತು.

ಮನೆಗೆ ಬಂದಾಗ ಅಮ್ಮ ಟಿವಿ ನೋಡುತ್ತಿದ್ದಳು. ಆರಿಸಿದೆ. ಆ ಪತ್ರ ಯಾರದು ಎಂದು ಕೇಳಿದೆ. ನನ್ನ ಮುಖ ನೋಡಿದಳು, ಎದ್ದು ಒಣಗಿದ ಬಟ್ಟೆ ತರಲು ಹೋದಳು. ಬಟ್ಟೆ ನಾನು ಬೆಳಿಗ್ಗೆಯೇ ತಂದಿದ್ದೆ.

ಮಾರ್ಚ್ 4

ಅಮ್ಮ ಟೀ ಮಾಡಿ ಮೇಜಿನ ಮೇಲಿಟ್ಟು ಹೋದಳು. ತಣ್ಣಗಾದ ಮೇಲೆ ಕುಡಿದೆ.

ಮಾರ್ಚ್ 6, ಗುರುವಾರ

ಇವತ್ತು ಹೇಳಿದಳು.

ಕೆಳಗಿನ ಸೆಟ್ಟು ಒತ್ತುತ್ತಿದೆ ಎಂದು ಅವಳೇ ತಂದು ಕೊಟ್ಟಳು. ಅದನ್ನು ಮಾಡಿದವಳು ನಾನೇ. ಕಿಟಕಿ ಹತ್ತಿರ ಕೂತು, ಒಸಡಿಗೆ ಚುಚ್ಚುವ ಕಡೆ ಉಜ್ಜತೊಡಗಿದೆ. ಅವಳು ಎದುರಿನ ಸ್ಟೂಲಿನ ಮೇಲೆ ಬೊಚ್ಚು ಬಾಯಲ್ಲಿ ಕೂತಿದ್ದಳು. ಹಲ್ಲಿಲ್ಲದಾಗ ಅವಳು ಯಾರ ಎದುರೂ ಬಾಯಿ ತೆರೆಯುವವಳಲ್ಲ. ಇವತ್ತು ತೆರೆದಳು. ಅರ್ಧ ಮಾತು ಗಾಳಿಯಾಗಿ ಹೋಗುತ್ತಿದ್ದರಿಂದ ನಾನು ಕೆಲಸ ನಿಲ್ಲಿಸಿ ಹತ್ತಿರ ಬಾಗಬೇಕಾಯಿತು.

ಮೊದಲು ಒಂದು ಹೆಣ್ಣು ಮಗು ಇತ್ತು. ಗಂಟಲುಬೇನೆಯಲ್ಲಿ ಹೋಯಿತು. ಒಂದು ವರ್ಷದ ಮೇಲೆ ಅಮ್ಮ ಹುಟ್ಟಿದಳು. ಅಜ್ಜಿ ಅವಳಿಗೆ ಅದೇ ಹೆಸರಿಟ್ಟಳು. ಹೊಸದಾಗಿ ನೋಂದಾಯಿಸಲು ಯಾರೂ ಹೋಗಲಿಲ್ಲ. ಕಾರ್ಖಾನೆಯ ಶಾಲೆಗೆ ಸೇರಿಸುವಾಗ ಜನನ ಪತ್ರ ಕೇಳಿದರು. ಮನೆಯಲ್ಲಿ ಆ ಹೆಸರಿನ ಪತ್ರ ಒಂದಿತ್ತು, ಕೊಟ್ಟರು. ಅಲ್ಲಿಂದ ಮುಂದೆ ಎಲ್ಲಕ್ಕೂ ಅದೇ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು ತಾನೇ, ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಮೇಷ್ಟ್ರು ಕುಳ್ಳಿ ಎನ್ನುತ್ತಿದ್ದರು. ಹನ್ನೊಂದನೇ ವಯಸ್ಸಿಗೆ ಅಜ್ಜಿ ಅಡುಗೆಮನೆಯಲ್ಲಿ ಕೂರಿಸಿಕೊಂಡು ವಿಷಯ ತಿಳಿಸಿದಳಂತೆ, ಯಾರಿಗೂ ಹೇಳಬೇಡ ಎಂದು ಕೈಮೇಲೆ ಕೈ ಹಾಕಿಸಿಕೊಂಡಳಂತೆ.

ಗೊತ್ತಿದ್ದೂ ಆ ಪತ್ರವನ್ನು ನನ್ನ ಕೈಗೆ ಕೊಟ್ಟೆಯಾ ಎಂದು ಕೇಳಿದೆ. ದನಿ ಏರಿತ್ತು ಅನಿಸುತ್ತದೆ.

"ದಿನಾ ನೆನಪಿಟ್ಕೊಂಡು ಬದುಕೋಕಾಗುತ್ತಾ?" ಎಂದಳು. "ಒಂದೊಂದು ಸಲ ನಾನೇ ಅವಳು ಅನ್ಕೊಂಡುಬಿಡ್ತಿದ್ದೆ."

ಸೆಟ್ಟು ತೊಳೆದು ಕೊಟ್ಟೆ. ಹಾಕಿಕೊಂಡು ಎರಡು ಸಲ ಕಚ್ಚಿ ನೋಡಿ, ಈಗ ಸರಿ ಇದೆ ಎಂದಳು. ಒಂದೂ ಹೆಚ್ಚಿನ ಮಾತು ಸೇರಿಸಲಿಲ್ಲ.

ಮಾರ್ಚ್ 12

ಪಾಸ್‌ಪೋರ್ಟ್ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳದೆ ಬೇರೆ ದಾರಿ ಇತ್ತೇನೋ, ನನಗೆ ಕಾಣಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟರು. ಇದು ಕಡತಕ್ಕೆ ಬಂದ ಮೇಲೆ ಪಾಸ್‌ಪೋರ್ಟಿನ ಮಾತಷ್ಟೇ ಅಲ್ಲ, ತಾಯಿಯ ಹುಟ್ಟು ಸಾಬೀತಾಗದಿದ್ದರೆ ನಿಮಗೆ ಇದುವರೆಗೆ ಕೊಟ್ಟ ಗುರುತಿನ ಪತ್ರಗಳನ್ನೂ ಮರುಪರಿಶೀಲನೆಗೆ ಕಳಿಸಬೇಕಾಗುತ್ತದೆ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದಾರಿ ಒಂದಿದೆ: ತಡವಾದ ನೋಂದಣಿ. ಹುಟ್ಟಿದೂರಿನ ಅಧಿಕಾರಿಯ ಮುಂದೆ ಅಮ್ಮನೇ ಹಾಜರಾಗಬೇಕು. ಆ ಕಾಲದ ಒಂದು ಬರಹದ ಪುರಾವೆ ಬೇಕು, ಅದು ಏನಾದರೂ ಸರಿ. ಜೊತೆಗೆ ಅವಳಿಗಿಂತ ಹಿರಿಯ, ಆ ಹುಟ್ಟನ್ನು ಕಣ್ಣಾರೆ ಬಲ್ಲ ರಕ್ತಸಂಬಂಧಿಯೊಬ್ಬರು.

ಅಂಥವರು ಭೂಮಿಯ ಮೇಲೆ ಒಬ್ಬರೇ ಇರುವುದು.

ಮಾರ್ಚ್ 13

ಮಾವನ ಮಾತೆತ್ತಿದೆ. ಅಮ್ಮ ಮುಖ ಗಂಟಿಕ್ಕಿಕೊಂಡಳು. ಹಳೆಯ ಕಥೆ ಮತ್ತೆ ಕೇಳಿದೆ. ಅಜ್ಜಿ ಸತ್ತಾಗ ಪತ್ರಿಕೆಗೆ ಕೊಟ್ಟ ಪ್ರಕಟಣೆಯಲ್ಲಿ ಮಾವ ತನ್ನ ಹೆಸರನ್ನು ಹಾಕಿಸಿ, ಅಮ್ಮನ ಹೆಸರು ಬರಬೇಕಾದ ಕಡೆ ಬರೀ "ಮಗಳು" ಎಂದು ಹಾಕಿಸಿದ್ದ. ಅದಕ್ಕೇ ಮಾತು ನಿಂತದ್ದು. ಒಂದು ಪ್ರಕಟಣೆಗೆ ಹನ್ನೊಂದು ವರ್ಷವಾ ಎಂದು ಹಿಂದೆ ಎಷ್ಟೋ ಸಲ ಅಂದಿದ್ದೇನೆ. ಇವತ್ತು ಅವಳು ಬೇರೆ ಮಾತು ಹೇಳಿದಳು. ಹುಟ್ಟಿದಾಗಿನಿಂದ ಒಂದು ದಿನವೂ ಅವನು ನನ್ನ ಹೆಸರು ಹಿಡಿದು ಕರೆದಿಲ್ಲ, ನಾಯಿಗೂ ಜನ ಒಂದು ಹೆಸರಿಟ್ಟು ಕರೆಯುತ್ತಾರೆ ಎಂದಳು.

ನೀನು ಬರಬೇಡ, ನಾನೇ ಹೋಗುತ್ತೇನೆ ಎಂದೆ.

ಮಾರ್ಚ್ 16, ಭಾನುವಾರ

ಮಾವ ಎರಡನೇ ಮಹಡಿಯಲ್ಲಿ ಒಬ್ಬನೇ ಇದ್ದಾನೆ. ಎಂಬತ್ತು. ಗಾಜು ಊದಿ ಊದಿ ಎದೆ ಕೆಟ್ಟಿದೆ, ಒಂದು ವಾಕ್ಯಕ್ಕೆ ಎರಡು ಕಡೆ ನಿಲ್ಲುತ್ತಾನೆ. ಬಾಗಿಲು ತೆರೆದವನೇ, "ಅವಳು ಹುಷಾರಿದಾಳಾ?" ಎಂದ. ಯಾರೆಂದು ಹೇಳಲಿಲ್ಲ.

ವಿಷಯ ತಿಳಿಸಿದೆ. ಆಶ್ಚರ್ಯವಾದಂತೆ ಕಾಣಲಿಲ್ಲ. ಸಹಿ ಎಲ್ಲಿ ಬೇಕಾದರೂ ಹಾಕುತ್ತೇನೆ ಎಂದ. ಬರಹದ ಪುರಾವೆ ಏನಿದ್ದೀತು ಎಂದಾಗ, ಕಾರ್ಖಾನೆಯ ದವಾಖಾನೆಯಲ್ಲಿ ಕೂಸುಗಳಿಗೆ ಸಿಡುಬಿನ ಚುಚ್ಚುಮದ್ದು ಹಾಕಿ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು, ಇವಳಿಗೆ ಹಾಕಿಸಲು ನಮ್ಮಮ್ಮನ ಜೊತೆ ನಾನೂ ಹೋಗಿದ್ದೆ ಎಂದ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ. ಅದರ ಪುಸ್ತಕಗಳೆಲ್ಲ ಪುರಸಭೆಯ ಗೋದಾಮಿನಲ್ಲಿ ಗೋಣಿಯಲ್ಲಿವೆಯಂತೆ.

ಗೋದಾಮು ವಾರದ ದಿನಗಳಲ್ಲಿ ಮಾತ್ರ ತೆರೆಯುತ್ತದೆ, ನನಗೆ ರಜೆ ಇಲ್ಲ ಎಂದು ಹೇಳುತ್ತಿದ್ದೆ. "ನನಗೇನು ಕೆಲಸ ಇದೆ, ನಾನು ಹುಡುಕ್ತೀನಿ ಬಿಡು," ಎಂದ. ಮೆಟ್ಟಿಲು ಹತ್ತಿ ಇಳಿಯುವುದೇ ಅವನಿಗೆ ಒಂದು ದಿನದ ಕೆಲಸ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಏನಂದ ಎಂದು ಕೇಳಲಿಲ್ಲ. ತೆಳ್ಳಗಾಗಿದ್ದಾನಾ ಎಂದು ಮಾತ್ರ ಕೇಳಿದಳು.

ಮಾರ್ಚ್ 29

ಕ್ಲಿನಿಕ್ಕಿನಲ್ಲಿ ಏಳು ಸೆಟ್ಟು ಬಾಕಿ. ಮಾವ ದಿನಾ ಗೋದಾಮಿಗೆ ಹೋಗುತ್ತಿದ್ದಾನೆ, ಸಂಜೆ ನನಗೆ ಫೋನ್ ಮಾಡಿ ಇವತ್ತು ಎಷ್ಟು ಗೋಣಿ ಆಯಿತು ಎನ್ನುತ್ತಾನೆ. ಫೋನ್ ಬರುವ ಹೊತ್ತಿಗೆ ಅಮ್ಮ ಟಿವಿಯ ದನಿ ಕಡಿಮೆ ಮಾಡಿ ಕೂರುತ್ತಾಳೆ. ಎಷ್ಟು ವರ್ಷದಿಂದ ಕಡಿಮೆ ಮಾಡು ಎಂದು ಹೇಳುತ್ತಿದ್ದೆ.

ಏಪ್ರಿಲ್ 9, ಬುಧವಾರ

ಸಿಕ್ಕಿತು.

ಮಾವ ಫೋನಿನಲ್ಲಿ ಓದಿದ, ನಡುವೆ ಉಸಿರು ತೆಗೆದುಕೊಳ್ಳುತ್ತ. "ಹೆಣ್ಣು ಮಗು. ಹೆಸರಿಲ್ಲ. ಮೂರು ತಿಂಗಳು. ತಂದೆ, ಮೂರನೇ ಕುಲುಮೆ. ಕೂಲಿಮನೆ ಸಾಲು." ತಾರೀಖು, ವರ್ಷ, ದವಾಖಾನೆಯ ಮೊಹರು ಇವೆಯಂತೆ. ಆ ವರ್ಷ ಮೂರನೇ ಕುಲುಮೆಯಲ್ಲಿ ದುಡಿಯುವವರ ಪೈಕಿ ಮೂರು ತಿಂಗಳ ಕೂಸಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ ಎಂದ.

ಅಮ್ಮನಿಗೆ ಹೇಳಿದೆ. ಬೆರಳು ಮಡಿಸಿ ಎಣಿಸಿ, ಹಾಗಾದರೆ ನನಗೆ ಇನ್ನೂ ಎಪ್ಪತ್ತೆರಡು ತುಂಬಿಲ್ಲ ಎಂದಳು. ಎಪ್ಪತ್ನಾಲ್ಕು ಎಂದು ಹೇಳಿಕೊಂಡು ಬಸ್ಸಿನಲ್ಲಿ ಎಷ್ಟು ಜನರನ್ನು ಎಬ್ಬಿಸಿ ಸೀಟು ಹಿಡಿದಿದ್ದೀಯೋ ಎಂದೆ. ಇಬ್ಬರೂ ನಕ್ಕೆವು. ನಗು ನಿಲ್ಲಿಸಲು ಸ್ವಲ್ಪ ಹೊತ್ತೇ ಹಿಡಿಯಿತು.

ಏಪ್ರಿಲ್ 22, ಮಂಗಳವಾರ

ವಿಚಾರಣೆ ಆಯಿತು. ಉದ್ದಕ್ಕೆ ಬರೆಯಬೇಕು.

ಅಮ್ಮ ಬೂದು ಬಣ್ಣದ ಸೀರೆ ಉಟ್ಟು ಬಂದಿದ್ದಳು. ಮಾವ ಮೊದಲೇ ಬಂದು ಬೆಂಚಿನ ಒಂದು ತುದಿಯಲ್ಲಿದ್ದ. ಅವಳು ಇನ್ನೊಂದು ತುದಿಯಲ್ಲಿ ಕೂತಳು. ನಾನು ನಡುವೆ. ಒಬ್ಬರನ್ನೊಬ್ಬರು ನೋಡಲಿಲ್ಲ, ಆದರೆ ಅವನಿಗೆ ಕೆಮ್ಮು ಬಂದಾಗ ಅಮ್ಮ ನೀರಿನ ಬಾಟಲಿಯನ್ನು ನನ್ನ ತೊಡೆಯ ಮೇಲಿಟ್ಟಳು. ನಾನು ಅತ್ತ ದಾಟಿಸಿದೆ.

ಅಧಿಕಾರಿ ಚಿಕ್ಕ ವಯಸ್ಸಿನವರು, ಆತುರವಿಲ್ಲದವರು. ಗೋದಾಮಿನ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಾವನಿಗೆ ಎದ್ದು ನಿಲ್ಲುವುದು ಬೇಡ ಎಂದು ಹೇಳಿ, ಈ ಪುಸ್ತಕದಲ್ಲಿರುವ ಹೆಸರಿಲ್ಲದ ಕೂಸು ಇವರೇ ಎಂದು ನಿಮಗೆ ಹೇಗೆ ಗೊತ್ತು, ಇವರ ಹೆಸರು ತೀರಿಹೋದ ಮಗುವಿನದಲ್ಲವೇ ಎಂದು ಕೇಳಿದರು.

ಮಾವ ಮೊಣಕಾಲ ಮೇಲೆ ಕೈಯೂರಿದ.

"ಮೊದಲನೆಯವಳನ್ನ ಎತ್ಕೊಂಡು ತಿರುಗ್ತಿದ್ದವನು ನಾನು," ಎಂದ. "ಅವಳು ಹೋದಾಗ ನನಗೆ ಏಳು. ಆ ಹೆಸರು ಕರೆದ್ರೆ ತಿರುಗಿ ನೋಡ್ತಿದ್ಲು. ಆಮೇಲೆ ಇವಳು ಹುಟ್ಟಿದ್ಲು. ನಾಕು ತಿಂಗಳು ಹೆಸರೇ ಇಡ್ಲಿಲ್ಲ. ಒಂದು ದಿನ ನಮ್ಮಮ್ಮ ತೊಟ್ಟಿಲ ಹತ್ರ ನಿಂತು ಅದೇ ಹೆಸರು ಕೂಗಿದ್ಲು. ಅವಳೇ ವಾಪಸ್ ಬಂದ್ಲು ಅಂತ ನಾನು ಒಳಗೆ ಓಡಿದೆ."

ಇಲ್ಲಿ ಉಸಿರಿಗೆ ನಿಂತ. ಯಾರೂ ಅವಸರ ಮಾಡಲಿಲ್ಲ.

"ಇವಳನ್ನ ಆ ಹೆಸರಿಂದ ಕರೆಯೋಕೆ ನನಗೆ ಬಾಯಿ ಬರಲಿಲ್ಲ, ಸ್ವಾಮಿ. ಇವಳ ಮೇಲೆ ಸಿಟ್ಟಿಲ್ಲ. ಬಾಯಿ ಬರಲಿಲ್ಲ, ಅಷ್ಟೇ. ಇವತ್ತಿಗೂ ಬರಲ್ಲ."

ಹಾಗಾದರೆ ಏನೆಂದು ಕರೆಯುತ್ತಿದ್ದಿರಿ ಎಂದು ಅಧಿಕಾರಿ ಕೇಳಿದರು. ಏನೂ ಇಲ್ಲ, ಇವಳೇ ಅಂತಿದ್ದೆ, ಅಷ್ಟೇ ಎಂದ. ಪತ್ರಿಕೆಯಲ್ಲೂ ಅದಕ್ಕೇ ಬರೆಸಲಿಲ್ಲ, ಬರೆಸಲು ಹೋಗಿ ಎರಡು ಸಲ ವಾಪಸ್ಸು ಬಂದೆ ಎಂದ. ಅದನ್ನು ಅಧಿಕಾರಿಗೆ ಹೇಳುವ ಅಗತ್ಯವಿರಲಿಲ್ಲ.

ನಾನು ಅಮ್ಮನ ಕಡೆ ನೋಡಲಿಲ್ಲ. ಬೆಂಚು ಅಲುಗಿತು. ಅವಳು ಎದ್ದು ನನ್ನ ಮುಂದಿನಿಂದ ದಾಟಿಹೋಗಿ ಮಾವನ ಪಕ್ಕ ಕೂತಳು. "ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದಳು, ಬೈಯುವ ದನಿಯಲ್ಲಿ. ಅವಳು ಅವನ ಅಂಗಿಯ ತೋಳಿನ ಮೇಲೆ ಗೋದಾಮಿನ ಧೂಳಿತ್ತೆಂದು ಕೊಡವಿದಳು. ಧೂಳು ನನಗೇನೂ ಕಾಣಲಿಲ್ಲ.

ಅಧಿಕಾರಿ ಆದೇಶ ಬರೆದರು. ಹುಟ್ಟು ಒಪ್ಪಿದ್ದಾರೆ. ಒಂದೇ ಕೆಲಸ ಬಾಕಿ. ಪುಸ್ತಕದಲ್ಲಿ "ಹೆಸರಿಲ್ಲ" ಎಂದಿರುವುದರಿಂದ, ಹೊಸ ದಾಖಲೆಗೆ ಯಾವ ಹೆಸರು ಎಂದು ಅಮ್ಮನೇ ನಮೂನೆ ತುಂಬಿ ಕೊಡಬೇಕು. ಹಳೆಯದೇ ಇರಲಿ, ಇಲ್ಲ ಬೇರೆಯದೇ ಆಗಲಿ, ಕಾನೂನಿಗೆ ಎರಡೂ ಒಂದೇ ಎಂದರು.

ಗುಮಾಸ್ತೆ ಪೆನ್ನು ಚಾಚಿದಳು. ಅಮ್ಮ ತೆಗೆದುಕೊಳ್ಳಲಿಲ್ಲ. ಎಪ್ಪತ್ತು ವರ್ಷದಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ಯೋಚಿಸಿ ಕೊಡುತ್ತೇನೆ ಎಂದಳು. ನಮೂನೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಏಪ್ರಿಲ್ 24

ನಮೂನೆ ಮೇಜಿನ ಮೇಲೆ ಖಾಲಿ ಇದೆ.

ಹೆಸರು ಬದಲಾದರೆ ನನ್ನ ಎಲ್ಲ ಪತ್ರಗಳಲ್ಲಿ ತಾಯಿಯ ಹೆಸರು ಹೊಂದುವುದಿಲ್ಲ. ಮತ್ತೆ ಪ್ರಮಾಣಪತ್ರ, ಮತ್ತೆ ಕಿಟಕಿ. ಮೇ ಹತ್ತು ಕೈತಪ್ಪುತ್ತದೆ. ಇದು ಅಮ್ಮನಿಗೂ ಗೊತ್ತು. ಅದಕ್ಕೇ ಮಧ್ಯಾಹ್ನ ಬಂದು, ಹಳೆಯದನ್ನೇ ಬರೆದುಬಿಡಲಾ, ನಿನಗೆ ತಡವಾಗುತ್ತದಲ್ಲ ಎಂದು ಕೇಳಿದಳು.

ನಿನಗೆ ಬೇಕಾದದ್ದು ಬರಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಯಾಕೆ ಹಾಗೆಂದೆನೋ. ತಡವಾಗುವುದಂತೂ ನಿಜ.

ಏಪ್ರಿಲ್ 30

ಅಮ್ಮ ಎಂಟು ದಿನ ತೆಗೆದುಕೊಂಡಳು. ಮಾವನಿಗೆ ಮೂರು ಸಲ ಫೋನ್ ಮಾಡಿದಳು. ಹಾಲಿನವಳ ಹೆಸರು, ಎದುರುಮನೆಯ ಕೂಸಿನ ಹೆಸರು ಎಲ್ಲವನ್ನೂ ತನಗೆ ಹಚ್ಚಿ ನೋಡಿದಳು. ಒಂದು ಹೆಸರನ್ನು ಕನ್ನಡಿ ಮುಂದೆ ಹೇಳಿಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು. ಕೇಳಿಸದವಳಂತೆ ಹಲ್ಲಿನ ಸೆಟ್ಟಿನ ಮೇಣದಚ್ಚು ತಿದ್ದುತ್ತ ಕೂತೆ.

ಇವತ್ತು ಬೆಳಿಗ್ಗೆ ಬರೆದಳು. ಹಳೆಯದೇ.

"ಅವಳು ಇಟ್ಕೊಂಡಿದ್ದು ಒಂದು ವರ್ಷ ಎರಡು ತಿಂಗಳು," ಎಂದಳು. "ಬೈಸಿಕೊಂಡಿದ್ದು, ಮದುವೆಯಾಗಿದ್ದು, ನಿನ್ನ ಹೆತ್ತಿದ್ದು ಎಲ್ಲ ನಾನೇ. ಇನ್ನು ಇದು ನನ್ನದೇ."

ಮೇ 13

ಹೊಸ ಪತ್ರ ಕೈಗೆ ಬರುವಷ್ಟರಲ್ಲಿ ಮೇ ಹತ್ತು ಕಳೆಯಿತು. ತರಬೇತಿಯವರು ಸೆಪ್ಟೆಂಬರ್ ತಂಡಕ್ಕೆ ಹಾಕಿಕೊಂಡಿದ್ದಾರೆ ಎಂದು ಡಾಕ್ಟರು ಹೇಳಿದರು. ಸರಿ ಎಂದೆ. ಡ್ರೈವರಿಗೆ ಸದ್ಯಕ್ಕೆ ಕನ್ನಡಕದ ಕಡ್ಡಿಗೆ ಕೊಕ್ಕೆ ಹಾಕಿ ಟೋಪಿಗೆ ಸಿಕ್ಕಿಸಿಕೊಟ್ಟೆ. ಈಗ ದಾರವಿಲ್ಲ.

ಮಾವ ಇಲ್ಲಿಗೆ ಬಂದು ನಾಲ್ಕು ದಿನವಾಯಿತು. ಅವನ ಎದೆಯನ್ನು ಒಂದು ಸಲ ತೋರಿಸಬೇಕು. ಊಟದ ಹೊತ್ತಿಗೆ ಇಬ್ಬರೂ ಸೇರಿ ನನ್ನ ಮೇಲೆ ಬೀಳುತ್ತಾರೆ, ನಾನು ತುಂಬ ಸಣ್ಣಗಾಗಿದ್ದೇನಂತೆ.

ಜೂನ್ 19, ಗುರುವಾರ

ಪಾಸ್‌ಪೋರ್ಟ್ ನಿನ್ನೆ ಬಂತು. ಬೀರುವಿನಲ್ಲಿಟ್ಟೆ.

ಇವತ್ತು ಅಮ್ಮ ಮತ್ತೆ ಆ ನೋಂದಣಿ ಕಚೇರಿಗೆ ಕರೆದುಕೊಂಡು ಹೋಗು ಎಂದಳು. ನಮಗೆ ಬೇಕಾದದ್ದೆಲ್ಲ ಬಂದಿದೆಯಲ್ಲ, ಇನ್ನೇನು ಕೆಲಸ ಎಂದೆ. ಬಾ ಅಂದರೆ ಬರಬೇಕು ಎಂದಳು. ರಜೆ ಹಾಕಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೆ ನೋಡಿದಳು.

ಗುಮಾಸ್ತೆ ಗುರುತು ಹಿಡಿದು ಕುರ್ಚಿ ಕೊಟ್ಟಳು. ಅಮ್ಮ, ಕೆಂಪು ಶಾಯಿಯಲ್ಲಿ ಬರೆದಿದೆಯಲ್ಲ, ಆ ಮಗುವಿನ ಮರಣ ಪತ್ರದ ಒಂದು ಪ್ರತಿ ಬೇಕು ಎಂದಳು. ಯಾವ ಕಚೇರಿಗೆ ಸಲ್ಲಿಸಲು ಎಂದು ಗುಮಾಸ್ತೆ ಕೇಳಿದಳು. ಎಲ್ಲಿಗೂ ಅಲ್ಲ, ಮನೆಯಲ್ಲಿಡಲು. ಇಷ್ಟು ವರ್ಷ ಅವಳ ಕಾಗದ ನಾನು ಇಟ್ಟುಕೊಂಡಿದ್ದೆ, ಅವಳದ್ದು ಎಂದು ಒಂದಾದರೂ ಇರಲಿ ಎಂದಳು.

ನಮೂನೆ ಕೊಟ್ಟರು. ನಾನು ತುಂಬಿಕೊಡುತ್ತೇನೆಂದರೆ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ತಾನೇ ಬರೆದಳು, ಒಂದೊಂದು ಅಕ್ಷರವನ್ನೂ ಒತ್ತಿ. ಮೃತರ ಹೆಸರು. ಅದರ ಕೆಳಗೆ ಅರ್ಜಿದಾರರ ಹೆಸರು, ಅದೇ. ಮೃತರ ವಯಸ್ಸು, ಒಂದು ವರ್ಷ ಎರಡು ತಿಂಗಳು. ಅರ್ಜಿದಾರರ ವಯಸ್ಸು, ಎಪ್ಪತ್ತೆರಡು.

ಕೊನೆಯ ಸಾಲು, ಮೃತರಿಗೆ ಅರ್ಜಿದಾರರ ಸಂಬಂಧ. ಅಲ್ಲಿ ಪೆನ್ನು ನಿಂತಿತು. ಸಹಾಯ ಬೇಕೇನೋ ಎಂದು ನಾನು ಬಾಗಿದೆ. ಬೇಡವೆಂದು ಎಡಗೈಯಿಂದ ನನ್ನನ್ನು ಸರಿಸಿದಳು.

ತಂಗಿ, ಎಂದು ಬರೆದಳು.

ಗುಮಾಸ್ತೆ ಕಾಗದವನ್ನು ತಿರುಗಿಸಿಕೊಂಡು, ಮೇಲಿಂದ ಕೆಳಗಿನವರೆಗೂ ಓದಿ, ಏನೂ ಕೇಳದೆ ಮೊಹರು ಒತ್ತಿದಳು.